ಸಡಿಲವಾದ ಫ್ರಾಕು

ಆ ಮನೆಯಲ್ಲಿ ಮಗುವಿಗೆ ಮುದ್ದು ಕಡಿಮೆಯಾಗಿತ್ತೆಂದು ಯಾರೂ ಹೇಳುವಂತಿರಲಿಲ್ಲ. ಅಪ್ಪ ಬಸ್ಸಿನ ಚಾಲಕ. ಮಗಳು ಏಳುವ ಮೊದಲೇ ಹೊರಡುವವನು, ಸಂಜೆ ಬರುವಾಗ ನಿಲ್ದಾಣದ ಎದುರಿನ ಅಂಗಡಿಯಿಂದ ಬರ್ಗರ್, ಕರಿದ ಆಲೂಗಡ್ಡೆ, ದೊಡ್ಡ ಲೋಟದ ತಂಪು ಪಾನೀಯ ಕಟ್ಟಿಸಿಕೊಂಡು ಬರುತ್ತಿದ್ದ. ಇಡೀ ದಿನ ಮುಖ ತೋರಿಸದಿದ್ದುದಕ್ಕೆ ಅದು ತಪ್ಪುಕಾಣಿಕೆ. ಮಗಳು ಅತ್ತರೂ ಆ ಪೊಟ್ಟಣ, ಪಾಸಾದರೂ ಆ ಪೊಟ್ಟಣ, ಜ್ವರ ಬಿಟ್ಟರೂ ಅದೇ. ಹತ್ತು ವರ್ಷದ ಹುಡುಗಿಯನ್ನು ಎಲ್ಲರೂ ಗುಂಡಮ್ಮ ಎಂದೇ ಕರೆಯುತ್ತಿದ್ದರು. ಅವಳೂ ನಗುತ್ತಲೇ ಓಗೊಡುತ್ತಿದ್ದಳು.

ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಫ್ರಾಕು ಬಿಗಿಯಾದಾಗಲೆಲ್ಲ, ಮಗಳು ನೊಂದುಕೊಳ್ಳಬಾರದೆಂದು, ಅವಳು ಶಾಲೆಗೆ ಹೋದಾಗ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡಿಡುತ್ತಿದ್ದಳು. ಅಳತೆಯ ಟೇಪು ಸದಾ ಕೊರಳಲ್ಲೇ ಇತ್ತು. ಮಗಳ ಸೊಂಟಕ್ಕೆ ಮಾತ್ರ ಅದನ್ನು ಹಿಡಿಯಲಿಲ್ಲ. ಇಂಥ ಕರುಣೆಗೆ ಏನೆನ್ನಬೇಕೋ ನನಗೆ ತಿಳಿಯದು.

ಒಂದು ಭಾನುವಾರ ಅಮ್ಮನ ತಂಗಿ ಬಂದಳು. ಅವಳು ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್. ಹುಡುಗಿ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಚಿಕ್ಕಮ್ಮನಿಗೆ ಒರಗಿದಾಗ, ಫ್ರಾಕಿನ ಪಕ್ಕದಲ್ಲಿ ಹಳೆಯ ಹೊಲಿಗೆಗಳ ಸೂಜಿತೂತುಗಳು ಸಾಲುಸಾಲಾಗಿ ಕಂಡವು.

"ಅಕ್ಕಾ, ಇವಳ ಕುತ್ತಿಗೆ ಹಿಂದೆ ಕಪ್ಪಾಗಿದ್ಯಲ್ಲ, ಅದು ಉಜ್ಜಿದ್ರೆ ಹೋಗೋ ಕೊಳೆ ಅಲ್ಲ. ರಕ್ತದಲ್ಲಿ ಸಕ್ಕರೆ ಎಷ್ಟಿದೆ ನೋಡಿಸ್ಬೇಕು. ಆ ಪೊಟ್ಟಣ ಇವತ್ತೇ ನಿಲ್ಲಿಸಿ."

ಒಳಗಿದ್ದ ಅಜ್ಜಿ, ಅಪ್ಪನ ತಾಯಿ, ಸುಮ್ಮನಿರುವವಳೇ? "ಮೈ ತುಂಬ್ಕೊಂಡಿದ್ರೆ ನಿನಗ್ಯಾಕಮ್ಮ ಹೊಟ್ಟೆಕಿಚ್ಚು? ನನ್ನ ಮಗ ಅರೆಹೊಟ್ಟೇಲಿ ಬೆಳೆದ. ಅವನ ಮಗಳಾದ್ರೂ ತಿನ್ನಲಿ. ಎತ್ತರ ಆದ್ರೆ ತಾನಾಗೇ ಇಳಿಯತ್ತೆ."

"ಹಸಿವಿಗೆ ಊಟ ಕೊಡಿ ಅಮ್ಮಾ, ಯಾರು ಬೇಡ ಅಂದ್ರು? ಬೇಜಾರಿಗೂ ತಿನ್ಸಿ, ಸಮಾಧಾನಕ್ಕೂ ತಿನ್ಸಿದ್ರೆ ಹೇಗೆ? ಭಾವ, ಸಂಜೆ ಇವಳ ಕೈ ಹಿಡ್ಕೊಂಡು ಒಂದು ಸುತ್ತು ನಡ್ಕೊಂಡು ಬನ್ನಿ. ಇವಳಿಗೆ ಬೇಕಿರೋದು ನೀವು."

"ದಿನವಿಡೀ ಸ್ಟಿಯರಿಂಗ್ ಹಿಡಿದು ಬಂದವನಿಗೆ ನಡಿಗೆ ಬೇರೆ!" ಅಪ್ಪ ನಕ್ಕ. "ಅವಳ ಮುಖ ಅರಳೋದು ಅದೊಂದು ಹೊತ್ತು. ಅದನ್ನೂ ಕಿತ್ಕೊಳ್ಳಲಾ?"

ರಕ್ತವನ್ನು ತಪಾಸಣೆಗೆ ಕೊಡುವ ಕೆಲಸ, ಶಾಲೆಯ ಪರೀಕ್ಷೆ ಮುಗಿಯಲಿ ಎಂದು ಮುಂದಕ್ಕೆ ಹೋಯಿತು.

ರಜೆಯಲ್ಲಿ ಪವಾಡವೇ ನಡೆಯಿತು. ಫ್ರಾಕು ಸಡಿಲವಾಯಿತು! ಅಮ್ಮ ಮೊದಲ ಬಾರಿಗೆ ಎಲ್ಲರ ಎದುರೇ ಟೇಪು ಹಿಡಿದಳು, ಹಾಡು ಗುನುಗುತ್ತಾ ಎರಡೂ ಪಕ್ಕ ಒಳಗೆ ಹಿಡಿದು ಹೊಲಿದಳು. "ನಾನು ಹೇಳ್ಲಿಲ್ವಾ?" ಎಂದು ಅಜ್ಜಿ ಬೀಗಿದಳು. ಹುಡುಗಿಗೆ ತಡೆಯಲಾರದ ಬಾಯಾರಿಕೆ. ತೆಳ್ಳಗಾಗಿದ್ದಕ್ಕೆ ಬಹುಮಾನವೆಂದು ಅಪ್ಪ ಎರಡು ಲೋಟ ತಂಪು ಪಾನೀಯ ತಂದ. ಅವಳು ಪದೇ ಪದೇ ಬಚ್ಚಲಿಗೆ ಓಡಿದಳು, ಹಗಲಲ್ಲೂ ನಿದ್ದೆ ಮಾಡಿದಳು. ಸೆಕೆಗೆ ಸುಸ್ತು ಎಂದರು.

ಒಂದು ಬೆಳಿಗ್ಗೆ ಎಷ್ಟು ಕೂಗಿದರೂ ಗುಂಡಮ್ಮ ಓಗೊಡಲಿಲ್ಲ.

ಸಕ್ಕರೆ ವಿಪರೀತ ಏರಿ ಮೈಯ ನೀರೆಲ್ಲ ಬತ್ತಿದೆ, ಆ ಕಾಯಿಲೆಯಿಂದಲೇ ಮೈ ಇಳಿದಿದೆ ಎಂದರು ಆಸ್ಪತ್ರೆಯ ವೈದ್ಯರು. ಮರುದಿನ ಸಂಜೆ ಮಗುವಿನ ಉಸಿರು ನಿಂತಿತು.

ಅಕ್ಕರೆಯೇ ಆ ಮಗುವನ್ನು ತಿಂದುಹಾಕಿತು ಎಂದರೆ ಓದುವವರಿಗೆ ಸಿಟ್ಟು ಬರಬಹುದು. ಬರಲಿ. ನಿಮ್ಮ ಮನೆಯ ಮೇಜಿನ ಮೇಲೆ ಇವತ್ತು ಏನು ಬಂದು ಕೂತಿದೆ ಎಂದು ಒಮ್ಮೆ ನೋಡಿ ಬಂದು ಆಮೇಲೆ ಸಿಟ್ಟಾಗಿ.

"ಇಳೀತಿದಾಳೆ ಅಂತ ನನಗೊಂದು ಫೋನ್ ಮಾಡ್ಬಾರ್ದಿತ್ತಾ ಅಕ್ಕಾ?" ಎಂದು ಚಿಕ್ಕಮ್ಮ ಅತ್ತಳು.

"ಖುಷಿಯಾಗಿತ್ತು ಕಣೇ. ನೀನು ಬಂದಾಗ ತೋರಿಸೋಣ ಅಂತಿದ್ದೆ."

ಮಗುವನ್ನು ಮನೆಗೆ ತಂದು ಮಲಗಿಸಿದರು. ಅವಳಿಗೆ ಇಷ್ಟವಾದ ಆ ಫ್ರಾಕನ್ನೇ ಹಾಕಿ ಎಂದಳು ಅಜ್ಜಿ. ಅಮ್ಮ ಅದನ್ನು ತೊಡೆಯ ಮೇಲೆ ಹರಡಿ, ಬ್ಲೇಡು ತೆಗೆದುಕೊಂಡು, ತಾನು ಹಿಡಿದಿದ್ದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು.

"ಈಗ್ಯಾಕೆ ಅದನ್ನ ಬಿಚ್ತೀಯ?" ಅಪ್ಪ ಕೇಳಿದ.

"ಬಿಗಿಯಾಗತ್ತೆ ಅವಳಿಗೆ," ಎಂದಳು ಅಮ್ಮ.