ಅಚೀವ್ ಅಂದರೆ ಸಾಧಿಸು

“ಮೈ ಸಿಸ್ಟರ್ ಅಚೀವ್ಡ್ ಮಿ,” ಎಂದು ರೇಣುಕಾ ಎದ್ದು ನಿಂತು ಓದಿದಳು.

ತೇಜಸ್ವಿನಿ ಮಿಸ್ ಬೋರ್ಡಿನ ಕಡೆಯಿಂದ ತಿರುಗಿ ನೋಡಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ, ಕೊಬ್ಬರಿ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಸಾಯಂಕಾಲ ನಡೆಯುವ ಇಂಗ್ಲಿಷ್ ಕ್ಲಾಸಿಗೆ ಬರುವವರಲ್ಲಿ ರೇಣುಕಾಳೇ ಎಲ್ಲರಿಗಿಂತ ದೊಡ್ಡವಳು. ನರ್ಸರಿ ಶಾಲೆಯೊಂದರಲ್ಲಿ ಆಯಾ ಆಗಿದ್ದಳು. ನಾಲ್ಕು ಮಾತು ಇಂಗ್ಲಿಷ್ ಬಂದರೆ ಮಕ್ಕಳ ಜೊತೆ ತರಗತಿಯಲ್ಲೇ ಕೂರಿಸುತ್ತೇನೆ ಎಂದು ದೊಡ್ಡ ಮೇಡಮ್ ಹೇಳಿದ್ದರು.

“ನಿಮ್ಮಕ್ಕ ಏನನ್ನ ಸಾಧಿಸಿದ್ರು ಆಂಟಿ?”

“ಏನೂ ಇಲ್ಲ ಮಿಸ್. ನನ್ನ ಮ್ಯಾಲೆ ಸಾಧಿಸ್ತಾಳೆ. ಮಾತು ಬಿಟ್ಟವಳೆ. ನೀವೇ ಬರ್ದೀರಲ್ಲ, ಅಚೀವ್ ಅಂದ್ರೆ ಸಾಧಿಸು ಅಂತ.”

ಕೋಣೆಯೆಲ್ಲ ನಕ್ಕಿತು. ಮಿಸ್ಸಿಗೂ ನಗು ತಡೆಯಲಾಗಲಿಲ್ಲ. ಆದರೆ ರೇಣುಕಾಳ ಮುಖ ನೋಡಿ ಅವಳ ನಗು ಅಲ್ಲೇ ನಿಂತಿತು.

“ಹಗೆ ಸಾಧಿಸೋದು ಬೇರೆ ಆಂಟಿ. ಇದು, ಏನೋ ಒಂದು ಬೇಕು ಅಂತ ಕಷ್ಟಪಟ್ಟು, ಬಿಡದೆ ಹಿಡಿದು ಪಡೆಯೋದು.” ಬೋರ್ಡಿನ ಮೇಲೆ ಆ ಪದದ ಕೆಳಗೆ ಇನ್ನಷ್ಟು ಬರೆದಳು. ಅಟೇನ್, ಅಕಾಂಪ್ಲಿಷ್, ಫುಲ್‌ಫಿಲ್, ರೀಚ್. “ಎಲ್ಲಾದಕ್ಕೂ ಅರ್ಥ ಹೆಚ್ಚುಕಡಿಮೆ ಒಂದೇ. ನಾಳೆಗೆ ಇನ್ನೊಂದು ಸೆಂಟೆನ್ಸ್ ಮಾಡ್ಕೊಂಡು ಬನ್ನಿ. ‘ಐ’ ಅಂತ ಶುರುವಾಗ್ಬೇಕು. ಅಕ್ಕನ್ನ ಬಿಡಿ. ನೀವು ಏನು ಸಾಧಿಸಿದ್ರಿ, ಅದನ್ನ ಹೇಳಿ.”

ಊರಿಗೆ ಮರಳುವ ಬಸ್ಸಿನಲ್ಲಿ ರೇಣುಕಾಳಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಊರು ದಾಟುತ್ತಿದ್ದಂತೆ ತೆಂಗಿನ ತೋಟಗಳು ಶುರುವಾದವು. ಇಳಿಬಿಸಿಲು ಮರಗಳ ಸಂದಿಯಿಂದ ಬಂದು ಅವಳ ತೊಡೆಯ ಮೇಲೆ ಬಿದ್ದು, ಎದ್ದು, ಮತ್ತೆ ಬೀಳುತ್ತಿತ್ತು. ಕಣ್ಣು ಎಳೆಯಿತು. ಅರೆನಿದ್ದೆಯಲ್ಲಿ ಆ ಪದಗಳು ಅರ್ಥ ಕಳಚಿಕೊಂಡು ಬರೀ ಸದ್ದಾಗಿ ತೇಲಿದವು. ಅಟೇನ್ ಎಂದರೆ ದೂರದ ಹೊಲದಿಂದ ಯಾರೋ ಯಾರನ್ನೋ ಕರೆದಂತೆ. ಫುಲ್‌ಫಿಲ್ ಎಂದರೆ ಬಾವಿಯಲ್ಲಿ ಕೊಡ ಮುಳುಗುವ ಸದ್ದು. ಐ ಎಂದು ಶುರುಮಾಡಿದಳು. ಮುಂದೆ ಏನೂ ಸಿಗಲಿಲ್ಲ.

ಬಾಗೂರಿನ ಅಕ್ಕ ಸರ್ವಮಂಗಳ ನೆನಪಾದಳು. ಅವ್ವ ಕೊನೆಯ ದಿನಗಳಲ್ಲಿ ಅಲ್ಲೇ ಇದ್ದಳು. ಸುದ್ದಿ ತಿಳಿದು ರೇಣುಕಾ ಓಡಿಹೋಗುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಅವ್ವನ ಮುಖ ನೋಡಲು ಸಿಗಲಿಲ್ಲ. “ನನಗೋಸ್ಕರ ಕಾಯಾಕೆ ಆಗ್ಲಿಲ್ಲೇನೆ?” ಎಂದು ಅವಳು ಹೊಸ್ತಿಲಲ್ಲಿ ನಿಂತು ಕಿರುಚಿದ್ದಕ್ಕೆ, ಅಕ್ಕ ನೆಂಟರೆಲ್ಲರ ಎದುರು, “ಇದ್ದಾಗ ಬರದೋಳು ಈಗ್ಯಾಕೆ ಬಂದೆ?” ಅಂದಿದ್ದಳು. ರೇಣುಕಾ ಒಳಗೆ ಕಾಲಿಡದೆ ವಾಪಸು ಬಂದಳು. ಅಂದಿನಿಂದ ಮಾತಿಲ್ಲ.

ಮಾತು ಬಿಟ್ಟದ್ದು ಯಾರು? ಬಸ್ಸು ತೂಗುತ್ತಿತ್ತು, ಪ್ರಶ್ನೆಯೂ ತೂಗುತ್ತಿತ್ತು. ಒಂದು ಯುಗಾದಿಗೆ ಅಕ್ಕನ ಮನೆಯಿಂದ ಫೋನ್ ಬಂದಿತ್ತು. ಗಂಡ ತಿಪ್ಪೇಶ್ ಎತ್ತಿ ಅವಳ ಕಡೆ ಚಾಚಿದರೆ ರೇಣುಕಾ ಸುಮ್ಮನೆ ಒಲೆ ಉರಿ ನೋಡುತ್ತ ನಿಂತಿದ್ದಳು. ಮದುವೆಯೊಂದರಲ್ಲಿ ಅಕ್ಕ ಪಕ್ಕದ ಎಲೆಯ ಮುಂದೆ ಬಂದು ಕೂತಾಗ, ಮೊದಲ ತುತ್ತನ್ನೂ ಎತ್ತದೆ ಎದ್ದು ಬೇರೆ ಸಾಲಿಗೆ ಹೋಗಿದ್ದಳು. ಅದೇನು ಸುಲಭವಾಗಿರಲಿಲ್ಲ. ಬೇಕು ಅಂತ, ಕಷ್ಟಪಟ್ಟು, ಬಿಡದೆ ಹಿಡಿದು. ಮಿಸ್ ಹೇಳಿದ ಅರ್ಥಕ್ಕೆ ಅವಳ ಬದುಕಿನಲ್ಲಿ ಸರಿಹೊಂದುವುದು ಅದೊಂದೇ ಎಂದು ರೇಣುಕಾಳಿಗೆ ಹೊಳೆಯಿತು.

“ಗೇಟ್, ಗೇಟ್! ಇಳಿಯೋರು ಬರ್ರಿ!” ಕಂಡಕ್ಟರ್ ಕೂಗಿದ. ಅವಳ ಊರಿನ ಗೇಟ್ ಸ್ಟಾಪ್ ಬಂದಿತ್ತು. ಬೇವಿನ ಮರ, ಬಾಗಿಲು ಮುಚ್ಚಿದ ಹಾಲಿನ ಡೈರಿ, ಕಟ್ಟೆಯ ಮೇಲೆ ಕೂತ ಇಬ್ಬರು, ಎಲ್ಲ ಕನಸಿನಲ್ಲಿ ಕಂಡಂತೆ ಕಿಟಕಿಯಾಚೆ ನಿಂತಿದ್ದವು. ಅವಳಿಗೆ ಈಗ ಪೂರ್ತಿ ಎಚ್ಚರವಿತ್ತು. ಆದರೂ ಕಣ್ಣು ಮುಚ್ಚಿಕೊಂಡಳು. ಬಸ್ಸು ಹೊರಟಿತು.

ಬಾಗೂರಿನಲ್ಲಿ ಇಳಿದಾಗ ಬೆಳಕು ಹಳದಿಗೆ ತಿರುಗಿತ್ತು. ಅಕ್ಕನ ಮನೆಯಂಗಳದಲ್ಲಿ ಹಳೆಯ ಸೀರೆ ಹಾಸಿ ಹುಣಸೆಹಣ್ಣು ಒಣಹಾಕಿತ್ತು. ಸರ್ವಮಂಗಳ ಒಬ್ಬಳೇ ಕೂತು ಬೀಜ ಬಿಡಿಸುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ತಲೆ ಎತ್ತಿ ನೋಡಿದಳು, ಮತ್ತೆ ಕೈ ಕೆಲಸಕ್ಕೆ ತಿರುಗಿದಳು.

“ಯಾರು ಸತ್ರು ಅಂತ ಬಂದೆ?”

“ಯಾರೂ ಸತ್ತಿಲ್ಲಕ್ಕ. ಬಸ್ಸಾಗೆ ನಿದ್ದೆ ಹತ್ತಿಬಿಡ್ತು. ನಮ್ಮೂರು ದಾಟಿಬಿಟ್ಟೈತೆ.”

ಸರ್ವಮಂಗಳ ಅವಳ ಕಣ್ಣನ್ನೇ ಸ್ವಲ್ಪ ಹೊತ್ತು ನೋಡಿದಳು. “ನಿದ್ದೆ ಮಾಡಿದ ಮುಖ ಅಲ್ಲ ಇದು,” ಎಂದು ಪಕ್ಕಕ್ಕೆ ಸರಿದಳು. “ಕುಂತ್ಕ.”

ರೇಣುಕಾ ಕೂತಳು. ಒಂದು ಹಣ್ಣು ಎತ್ತಿಕೊಂಡು ನಾರು ಎಳೆದಳು. ಕೈಗೆ ಅಂಟು ಹತ್ತಿತು. ಬಿಡಿಸಿದ ಬೀಜಗಳನ್ನು ಇಬ್ಬರ ನಡುವಿನ ಮೊರಕ್ಕೆ ಹಾಕಿದಳು.

“ಅವತ್ತು ಯಾಕೆ ಕಾಯ್ಲಿಲ್ಲಕ್ಕ?” ಅವಳು ಕೇಳಿದಳು. ಈ ಸಲ ದನಿ ಏರಲಿಲ್ಲ.

“ಬಿಸ್ಲು ಕಾಲ. ಹೆಣ ಇಟ್ಕಳಾಕೆ ಆಗಲ್ಲ ಅಂದ್ರು ಹಿರೇರು. ನಾನು ಬಾಗ್ಲಿಗೆ ಅಡ್ಡ ನಿಂತಿದ್ದೆ, ರೇಣಿ ಬರ್ತಾಳೆ, ತಡೀರಿ ಅಂತ. ರಟ್ಟೆ ಹಿಡ್ದು ಸರಿಸಿದ್ರು.” ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. “ಆ ಸಿಟ್ಟಾಗೆ ನಿನಗೆ ಅಂದೆ. ಬ್ಯಾರೆ ಯಾರಿಗೆ ಅನ್ಲಿ?”

“ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ಲೇನು?”

“ಹೇಳಾಕೆ ಅಂತ ನಿನ್ ಪಕ್ದಾಗೆ ಬಂದು ಕುಂತೆ. ನೀನು ಎಲೆ ಬಿಟ್ಟು ಎದ್ದೋದೆ.”

ರೇಣುಕಾಳ ಬೆರಳುಗಳು ನಿಂತವು. ಅವಳು ಅತ್ತದ್ದು ಸದ್ದಿಲ್ಲದೆ. ಸರ್ವಮಂಗಳ ಮೊರವನ್ನು ಇಬ್ಬರ ನಡುವಿನಿಂದ ತೆಗೆದು ಆಚೆಗಿಟ್ಟಳು.

“ಇಂಗ್ಲಿಷ್ ಕಲಿತೀಯಂತೆ,” ಅಂದಳು ಆಮೇಲೆ. “ಊರೆಲ್ಲ ಹೇಳ್ತಾರೆ. ಏನಾರ ಒಂದು ಅನ್ನು, ಕೇಳಾಣ.”

ರೇಣುಕಾ ಮೂಗೊರೆಸಿಕೊಂಡು ಯೋಚಿಸಿದಳು. “ಐ ರೀಚ್ಡ್,” ಅಂದಳು.

“ಹಂಗಂದ್ರೆ?”

“ಮುಟ್ಟಿದೆ ಅಂತ.”

“ಇಷ್ಟೇನಾ? ಇದಕ್ಕೆ ಹೊಸದುರ್ಗಕ್ಕೆ ಹೋಗ್ಬೇಕಾ?” ಎಂದು ಅಕ್ಕ ನಕ್ಕಳು. ಆ ನಗುವಿನ ಕೊನೆಯಲ್ಲಿ ಅವ್ವನದೇ ಕೆಮ್ಮು ಇತ್ತು.

ತೋಟದ ಕಡೆಯಿಂದ ತಂಪು ಗಾಳಿ ಬೀಸತೊಡಗಿತು. ಬೀದಿಯಲ್ಲಿ ದನಗಳು ಮನೆಗೆ ತಿರುಗುತ್ತಿದ್ದವು. ಅವುಗಳ ಗೊರಸಿನಿಂದ ಎದ್ದ ದೂಳು ನೆಲಕ್ಕಿಳಿಯದೆ, ಚೂರು ಬೆಳಕನ್ನು ಹಿಡಿದುಕೊಂಡು ಹಾಗೇ ತೇಲುತ್ತಿತ್ತು.

“ತಿಪ್ಪೇಶಪ್ಪಂಗೆ ಫೋನ್ ಮಾಡು, ಕಾಯ್ತಾನೆ. ಇವತ್ತು ಇಲ್ಲೇ ಇರ್ತೀನಿ ಅನ್ನು. ಅದಕ್ಕೂ ಮೊದ್ಲು ಇದನ್ನ ಒಳಗೆ ಹಾಕಾಣ. ಇಬ್ಬನಿ ಬಿದ್ರೆ ಕಪ್ಪಾಗ್ತೈತೆ.”

ಸೀರೆಯ ಎರಡು ಮೂಲೆಗಳನ್ನು ಅಕ್ಕ ಹಿಡಿದಳು, ಎರಡನ್ನು ತಂಗಿ. ಎತ್ತಿದಾಗ ಹಣ್ಣೆಲ್ಲ ನಡುವಿಗೆ ಜಾರಿ ಸೀರೆ ತೊಟ್ಟಿಲಿನಂತೆ ಇಳಿಬಿತ್ತು. ರೇಣುಕಾ ಮನೆಗೆ ಬೆನ್ನು ಮಾಡಿ, ಅಕ್ಕನ ಮುಖವನ್ನೇ ನೋಡುತ್ತ ಹಿಮ್ಮುಖವಾಗಿ ಹೆಜ್ಜೆ ಇಟ್ಟಳು.

“ನಿಧಾನ. ಹಿಂದೆ ಹೊಸ್ತಿಲು ಐತೆ,” ಅಂದಳು ಸರ್ವಮಂಗಳ. “ಕಾಲು ಎತ್ತಿಡು.”

ರೇಣುಕಾ ತಿರುಗಿ ನೋಡದೆ ಕಾಲು ಎತ್ತಿಟ್ಟಳು.