ಸಿಂಹದ ಹಿಂಗಾಲು

ಪುರುಲಿಯಾ ಕಡೆಯ ಛೌ ಎಂಬ ಮುಖವಾಡದ ಕುಣಿತದಲ್ಲಿ ದುರ್ಗೆಯ ಸಿಂಹಕ್ಕೆ ಇಬ್ಬರು ಬೇಕು. ನಮ್ಮ ಮೇಳದಲ್ಲಿ ಹದಿನಾರು ವರ್ಷ ಆ ಸಿಂಹ ಆಗಿದ್ದವರು ಹಾರಾಧನ ಮಾಹತೋ ಮತ್ತು ಅವನ ತಮ್ಮ ಸೃಷ್ಟಿಧರ. ಮುಖವಾಡ ತೊಟ್ಟು ಮುಂಗಾಲಾಗುತ್ತಿದ್ದವನು ಅಣ್ಣ. ಹಳದಿ ಬಟ್ಟೆಯೊಳಗೆ ಬಗ್ಗಿ ಹಿಂಗಾಲಾಗುತ್ತಿದ್ದವನು ತಮ್ಮ. ಅವನಿಗೆ ಕಾಣುತ್ತಿದ್ದದ್ದು ಬೆವರಿದ ಒಂದು ಬೆನ್ನು ಮಾತ್ರ.

ಹದಿನಾರನೇ ವರ್ಷದ ಚೈತ್ರದಲ್ಲಿ ಆಟದ ದಿನ ಬೆಳಿಗ್ಗೆ ಸೃಷ್ಟಿಧರ ಬಾಯಿಬಿಟ್ಟು ಕೇಳಿದ. "ದಾದಾ, ಈ ಸಲ ಮುಖವಾಡ ನಂಗೆ ಕೊಡು."

ಹಾರಾಧನ ಮಂಡಕ್ಕಿ ಮುಕ್ಕುತ್ತಿದ್ದವನು ಡೋಲಿನವರ ಕಡೆ ತಿರುಗಿ ನಕ್ಕ. "ಕೇಳಿದ್ರೇನ್ರೋ? ಹಿಂಗಾಲಿಗೂ ಮುಖ ಬೇಕಂತೆ!"

ಎಲ್ಲರೂ ನಕ್ಕರು. ಸೃಷ್ಟಿಧರನೂ ನಕ್ಕ.

ಸಂಜೆ ಮಹಿಷಾಸುರನ ಎದುರು ಸಿಂಹ ಎದ್ದು ನಿಲ್ಲಬೇಕಾದ ಘಳಿಗೆ ಬಂತು. ಮುಂದಿನವನು ಹಾರುತ್ತಾನೆ, ಹಿಂದಿನವನು ಅವನ ಸೊಂಟ ಹಿಡಿದು ತನ್ನ ತೊಡೆಗಳ ಮೇಲೆ ನಿಲ್ಲಿಸಿಕೊಳ್ಳುತ್ತಾನೆ. ಹಾರಾಧನ ಹಾರಿದ. ಸೃಷ್ಟಿಧರನ ಕೈ ಅರೆಕ್ಷಣ ಏಳಲಿಲ್ಲ. ಭಾರದ ಮುಖವಾಡದ ಸಮೇತ ಅಣ್ಣ ತಲೆಕೆಳಗಾಗಿ ಬಿದ್ದ. ಕತ್ತು ಮುರಿದಿತ್ತು. ಮೂರನೇ ದಿನ ಪ್ರಾಣ ಹೋಯಿತು.

ಬಟ್ಟೆಯೊಳಗೆ ಏನಾಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಬೆವರಿಗೆ ಕೈ ಜಾರಿತು ಅಂದರು ಜನ. ಅವನೂ ಹೌದೆಂದ.

ಮರುವರ್ಷ ಮೇಳದ ಉಸ್ತಾದ ಮುಖವಾಡ ತಂದು ಸೃಷ್ಟಿಧರನ ಮುಂದಿಟ್ಟ. "ಇನ್ನು ಮುಂದೆ ನೀನೇ ಕಣಪ್ಪ."

ಹಿಂಗಾಲಿಗೆ ತಾನೇ ಬರುತ್ತೇನೆಂದು ಎದ್ದು ನಿಂತವಳು ಹಾರಾಧನನ ಮಗಳು ಶೇಫಾಲಿ. ಇಪ್ಪತ್ತರ ಗಟ್ಟಿಗಿತ್ತಿ. ಹುಡುಗಿಯರ ಮೇಳದಲ್ಲಿ ಕಾರ್ತಿಕೇಯನಾಗಿ ಕುಣಿದು ಪಳಗಿದ್ದವಳು. ಬೇಡವೆನ್ನಲು ಸೃಷ್ಟಿಧರನಿಗೆ ಕಾರಣ ಸಿಗಲಿಲ್ಲ.

ಅಭ್ಯಾಸ ಶುರುವಾಯಿತು. ಬಟ್ಟೆ ಹೊದ್ದ ಕೂಡಲೇ ಅವನ ಮೂಗಿಗೆ ಅಣ್ಣನ ಬೀಡಿಯ ವಾಸನೆ ಬಡಿಯುತ್ತಿತ್ತು. ಹಿಂದಿನಿಂದ ಅಣ್ಣನದೇ ಗೊರಗೊರ ಉಸಿರು. ಸೊಂಟಕ್ಕೆ ತಾಗುವ ಕೈ ಹುಡುಗಿಯದಲ್ಲ, ಅಗಲವಾದ, ಒರಟು ಕೈ. ಹಾರುವ ಹೊತ್ತು ಬಂದರೆ ಕಾಲು ನೆಲಕ್ಕೆ ಅಂಟಿಬಿಡುತ್ತಿತ್ತು.

"ಏನಯ್ಯಾ, ಸಿಂಹವೋ ಬಸುರಿ ಎಮ್ಮೆಯೋ?" ಎಂದು ಉಸ್ತಾದ ರೇಗಿದ.

ಹನ್ನೊಂದನೇ ದಿನ ಮಧ್ಯಾಹ್ನ ಉಳಿದವರು ಬೀಡಿ ಹಚ್ಚಲು ಮರದಡಿಗೆ ಹೋದಾಗ ಇವರಿಬ್ಬರೂ ಇನ್ನೂ ಬಟ್ಟೆಯೊಳಗೇ ಇದ್ದರು. ಸೃಷ್ಟಿಧರ ತಿರುಗದೆಯೇ ಹೇಳಿದ. "ಕೈ ಜಾರಲಿಲ್ಲ ಕಣೇ, ಶೇಫಾಲಿ. ನಾನೇ ಎತ್ತಲಿಲ್ಲ."

ಹಿಂದಿನಿಂದ ಅವಳ ದನಿ ಬಂತು.

"ಗೊತ್ತು ಕಾಕಾ. ಆಟ ನೋಡುವಾಗ ಎಲ್ರೂ ಮುಖವಾಡ ನೋಡ್ತಾರೆ. ನಾನು ಚಿಕ್ಕಂದಿನಿಂದ ನಿಮ್ಮ ಕಾಲೇ ನೋಡ್ತಿದ್ದೆ. ಅವತ್ತು ನಿಮ್ಮ ಮಂಡಿ ಬಗ್ಗಲೇ ಇಲ್ಲ."

"ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅಪ್ಪ ಎದ್ದು ಬರ್ತಿದ್ರಾ?"

"ನನ್ನ ಹಿಂದೆ ಯಾಕೆ ಬಂದೆ ಹಾಗಾದ್ರೆ?"

"ಮುಂದಿದ್ದೋರಿಗೆ ಹಿಂದೇನು ನಡೀತಿದೆ ಅಂತ ಕಾಣಲ್ಲ. ಅದು ಹೇಗಿರತ್ತೆ ಅಂತ ನಿಮಗೂ ಗೊತ್ತಾಗ್ಲಿ ಅಂತ." ಬಟ್ಟೆ ಸರಿಸಿ ಹೊರಗೆ ಬರುತ್ತಾ ಹೇಳಿದಳು. "ಹಾರ್ತೀರೋ ಬಿಡ್ತೀರೋ, ನೀವೇ ನೋಡಿ."

ಆಟದ ದಿನವಾದ ಚೈತ್ರ ಸಂಕ್ರಾಂತಿಯ ಸಂಜೆ ಧಮ್ಸಾ ನಗಾರಿಗಳು ಗುಡುಗಿದವು. ಮುಖವಾಡದ ಸಣ್ಣ ಕಣ್ಣುಗಳಿಂದ ಸೃಷ್ಟಿಧರನಿಗೆ ಕಂಡದ್ದು ಅಸುರನ ಹಸಿರು ಮುಖ, ಅದರಾಚೆ ಬಿಳಿ ಸೀರೆಯುಟ್ಟು ಕೂತ ಅತ್ತಿಗೆ. ಹಿಂದೆ ಕೈ ಇರುವ ಸುಳಿವೇ ಇರಲಿಲ್ಲ. ಓಡಿಹೋಗಬಹುದಿತ್ತು. ಅವನು ಕಣ್ಣು ಮುಚ್ಚಿ ಹಾರಿದ.

ಗಾಳಿಯಲ್ಲಿ ಏನೂ ತಾಗಲಿಲ್ಲ. ತಲೆ ಮುಂದಕ್ಕೆ ವಾಲಿತು. ಅಷ್ಟರಲ್ಲಿ ಎರಡು ಕೈಗಳು ಅವನ ಸೊಂಟವನ್ನು ಬಿಗಿಯಾಗಿ ಹಿಡಿದವು. ಸಿಂಹ ಎದ್ದು ನಿಂತಿತು. ಜನ ಕೂಗಿದರು. ಮುಖವಾಡದೊಳಗೆ ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಶೇಫಾಲಿಗೆ ಮದುವೆಯಾಗಿ ಝಾಲ್ದಾಕ್ಕೆ ಹೋಗಿ ಐದು ವರ್ಷವಾಯಿತು. ಚೈತ್ರ ಹತ್ತಿರವಾದರೆ ಸೃಷ್ಟಿಧರ ತಾನೇ ಬಸ್ಸು ಹತ್ತಿ ಹೋಗಿ, ಅವಳ ಅತ್ತೆಯ ಕೊಂಕು ಮಾತು ಕೇಳಿಸಿಕೊಂಡು, ಅವಳನ್ನು ಕರೆತರುತ್ತಾನೆ. ಹಿಂದೆ ಬೇರೆ ಯಾರು ನಿಲ್ಲುತ್ತೇನೆಂದರೂ ಅವನು ಒಪ್ಪುವುದಿಲ್ಲ.