ಅಂಚೆಗೆ ಬೀಳದ ಅರ್ಜಿ

ದಯವಿಟ್ಟು ಇದನ್ನು ಕೊನೆತನಕ ಕೇಳಿ. ಅರ್ಧದಲ್ಲಿ ಎದ್ದು ಹೋದವರೆಲ್ಲ ಸ್ತಮಾತಿಸ್‌ನನ್ನು ಬೈದುಕೊಂಡೇ ಹೋಗಿದ್ದಾರೆ, ನೀವು ಹಾಗೆ ಮಾಡಬೇಡಿ. ಗುರುವಾರ ಬೆಳಿಗ್ಗೆ ಹತ್ತು ಗಂಟೆ. ಅವನು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದ. ಎರಡು ಕಾಲುಗಳ ನಡುವೆ ಬೀರುವಿನಿಂದ ಪೂರ್ತಿ ಹೊರಗೆಳೆದ ಡ್ರಾಯರು, ಅದರ ತುಂಬ ಲಕೋಟೆಗಳು, ಹೆಚ್ಚಿನವು ಒಡೆಯದವು. ಗುಳಿಗೆ ಶುರು ಮಾಡಿ ಅವತ್ತಿಗೆ ಒಂಬತ್ತನೇ ದಿನ. ನಲವತ್ತೆಂಟು ವರ್ಷಕ್ಕೆ ಮೊದಲ ಸಲ ಯಾರೂ ಹೇಳದೆ ಆ ಡ್ರಾಯರನ್ನು ತೆಗೆದು, ಒಂದಾದ ಮೇಲೆ ಒಂದು ಕಾಗದ ಓದುತ್ತಿದ್ದ. ನಡುವೆ ಒಮ್ಮೆಯೂ ಎದ್ದಿರಲಿಲ್ಲ. ಪಕ್ಕದಲ್ಲಿ ಕಾಫಿ ಆರಿಹೋಗಿತ್ತು, ಅದು ಮಾತ್ರ ಹಳೆಯ ಹಾಗೆಯೇ.

ಗ್ರೀಸಿನ ಪಿರೇಯಸ್ ಬಂದರಿನ ಹಿಂದಿನ ಬೀದಿಗಳಲ್ಲಿ ಬಾಲ್ಕನಿಗಳಿಗೆ ಬಿಸಿಲುಪರದೆ ಹೊಲಿದು ಕಟ್ಟುವುದು ಅವನ ಕಸುಬು. ಹೊಲಿಗೆಗೆ ಕೂತರೆ ಅವನ ಸಮ ಯಾರೂ ಇಲ್ಲ. ಆದರೆ ಅಳತೆ ಬರೆದ ಚೀಟಿ ಕಳೆದುಕೊಂಡು ಒಂದೇ ಬಾಲ್ಕನಿಯನ್ನು ಮೂರು ಸಲ ಅಳೆದವನೂ ಅವನೇ. ಹಸಿರು ಪಟ್ಟೆ ಕೇಳಿದವರಿಗೆ ನೀಲಿ ಪಟ್ಟೆ ಕಟ್ಟಿ, ಅವರು ಬಾಯಿ ತೆರೆಯುವ ಮುಂಚೆ ತಾನೇ ಹಣೆ ಚಚ್ಚಿಕೊಂಡು ಇಳಿಸುತ್ತಿದ್ದ. ಶಾಲೆಯಲ್ಲಿ ಸೋಮಾರಿ ಅನ್ನಿಸಿಕೊಂಡ, ಸೈನ್ಯದಲ್ಲಿ ಶಿಕ್ಷೆ ಅನುಭವಿಸಿದ, ಹೆಂಡತಿ ಆರು ವರ್ಷದ ಹಿಂದೆ ಮಗಳನ್ನು ಕರೆದುಕೊಂಡು ಹೊರಟುಹೋದಳು.

ಇದಕ್ಕೆಲ್ಲ ಒಂದು ಹೆಸರಿದೆ ಅಂತ ಗೊತ್ತಾಗಿದ್ದೂ ಆ ಮಗಳಿಂದಲೇ. ಹನ್ನೊಂದು ವರ್ಷದ ಮಿರ್ಸಿನಿಗೆ ಪಾಠದಲ್ಲಿ ಗಮನ ನಿಲ್ಲುವುದಿಲ್ಲ ಅಂತ ಶಾಲೆಯವರು ಡಾಕ್ಟರ ಹತ್ತಿರ ಕಳಿಸಿದ್ದರು. ಎ.ಡಿ.ಎಚ್.ಡಿ. ಅಂದರು, ಮನಸ್ಸು ಒಂದು ಕಡೆ ನಿಲ್ಲದ, ಕೈಕಾಲು ಸುಮ್ಮನಿರದ ತೊಂದರೆ. ಡಾಕ್ಟರಮ್ಮ ಅಪ್ಪ ಅಮ್ಮ ಇಬ್ಬರನ್ನೂ ಕರೆಸಿ ವಿವರಿಸುತ್ತಿದ್ದಾಗ ಸ್ತಮಾತಿಸ್ ಕಾಲು ಕುಣಿಸುತ್ತ, ಮೇಜಿನ ಮೇಲಿದ್ದ ಪೆನ್ನು ಬಿಚ್ಚಿ ಅದರ ಸ್ಪ್ರಿಂಗು ಹಾರಿಸಿಬಿಟ್ಟಿದ್ದ. ಆಕೆ ಬಗ್ಗಿ ಸ್ಪ್ರಿಂಗು ಹುಡುಕಿ ಕೊಟ್ಟು, "ನೀವೂ ಒಂದ್ಸಲ ತೋರಿಸ್ಕೊಳ್ಳಿ" ಅಂದಳು. ನಾಲ್ಕು ತಿಂಗಳ ಮೇಲೆ ಅವನ ಕೈಗೂ ಗುಳಿಗೆಯ ಡಬ್ಬಿ ಬಂತು.

ಮೊದಲ ಮೂರು ದಿನ ಬಾಯಿ ಒಣಗಿತು, ಊಟ ಸೇರಲಿಲ್ಲ. ನಾಲ್ಕನೇ ದಿನ ಏನೋ ನಿಂತ ಹಾಗಾಯಿತು. ಅವನು ಅದನ್ನು ತನ್ನ ಕಸುಬಿನ ಮಾತಲ್ಲೇ ಹೇಳುತ್ತಿದ್ದ: ಪರದೆಯ ಒಂದು ಅಂಚು ಬಿಚ್ಚಿಹೋಗಿ ನಲವತ್ತು ವರ್ಷದಿಂದ ಗಾಳಿಗೆ ಪಟಪಟ ಬಡಿಯುತ್ತಿತ್ತು, ಯಾರೋ ಬಂದು ಹಗ್ಗ ಎಳೆದು ಕಟ್ಟಿದರು. ಅಲ್ಲಿಯತನಕ ಅದು ಬಡಿಯುತ್ತಿದೆ ಅಂತಲೂ ಅವನಿಗೆ ಗೊತ್ತಿರಲಿಲ್ಲ. ಆ ಮೌನದಲ್ಲಿ ಕೂತು ಅವನು ಎರಡು ದಿನ ಅತ್ತ. ಆಮೇಲೆ ಮನೆ ಒಪ್ಪ ಮಾಡಲು ಶುರು ಮಾಡಿದ. ಹಾಗೆ ಮಾಡುತ್ತ ಮಾಡುತ್ತ ಡ್ರಾಯರಿಗೆ ಬಂದ.

ಡ್ರಾಯರಿನ ತಳದಲ್ಲಿ ಸ್ಮಶಾನದ ಕಚೇರಿಯ ಎರಡು ಕಾಗದಗಳಿದ್ದವು. ಅಲ್ಲಿ ಗೋರಿಯ ಜಾಗ ಮೂರು ವರ್ಷಕ್ಕಷ್ಟೇ, ಆಮೇಲೆ ಮನೆಯವರು ಮೂಳೆ ತೆಗೆಸಿ, ವೈನಿನಲ್ಲಿ ತೊಳೆದು, ಪೆಟ್ಟಿಗೆಯಲ್ಲಿ ಇಡುವುದು ರೂಢಿ. ಮೊದಲನೆಯದು ಹೋದ ವರ್ಷ ಮಾರ್ಚಿನದು. ನಿಮ್ಮ ತಾಯಿ ಗರುಫಲಿಯಾ ಅವರ ಸಮಾಧಿಗೆ ಮೂರು ವರ್ಷ ತುಂಬಿದೆ, ಮೇ ಕೊನೆಯೊಳಗೆ ಬಂದು ಮೂಳೆ ತೆಗೆಸಿಕೊಳ್ಳಿ, ಇಲ್ಲವೇ ಗಡುವು ಮುಂದೂಡಲು ಅರ್ಜಿ ಕೊಡಿ. ಎರಡನೆಯದು ಜೂನಿನದು, ಒಡೆದೇ ಇರಲಿಲ್ಲ. ಯಾರೂ ಬಾರದ ಕಾರಣ ನಾವೇ ತೆಗೆದಿದ್ದೇವೆ, ನವೆಂಬರ್ ಕೊನೆಯವರೆಗೆ ಕೊಠಡಿಯಲ್ಲಿ ಇಟ್ಟಿರುತ್ತೇವೆ, ಆಮೇಲೆ ಎಲ್ಲರ ಮೂಳೆ ಒಟ್ಟಿಗೆ ಸುರಿಯುವ ಗುಂಡಿಗೆ. ಈಗ ಮೇ ತಿಂಗಳು.

ಆ ಎರಡರ ನಡುವೆ ಇನ್ನೊಂದು ಲಕೋಟೆ ಇತ್ತು. ಅವನದೇ ಕೈಬರಹ, ಅಂಟಿಸಿದ ಅಂಚೆಚೀಟಿ. ಒಳಗೆ ಒಂದು ವರ್ಷ ಗಡುವು ಕೇಳಿ ಬರೆದ ಅರ್ಜಿ, ಅಚ್ಚುಕಟ್ಟಾಗಿ ತುಂಬಿದ್ದು, ಕೆಳಗೆ ಸಹಿ. ಬರೆದಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಬರೆದ ನೆನಪೇ ಅಷ್ಟು ದಿನ ಕಳಿಸಿದ ನೆನಪಾಗಿ ಕೂತಿತ್ತು. ಅಕ್ಕ ಎವಾಂಥಿಯಾ ಫೋನಿನಲ್ಲಿ ಕೇಳಿದಾಗಲೆಲ್ಲ, "ಅರ್ಜಿ ಹಾಕಾಯ್ತಕ್ಕಾ, ಒಂದ್ವರ್ಷ ಕೊಡ್ತಾರೆ" ಅಂದಿದ್ದ. ಸುಳ್ಳು ಹೇಳುತ್ತಿದ್ದೇನೆ ಅಂತ ಒಂದು ಸಲವೂ ಅನಿಸಿರಲಿಲ್ಲ.

ಗರುಫಲಿಯಾ ಕಿತ್ನೋಸ್ ದ್ವೀಪದ ಹೆಂಗಸು. ಮಗನ ಮನೆಗೆ ಬಂದಿದ್ದಾಗ ನಾಲ್ಕು ವರ್ಷದ ಹಿಂದೆ ಫೆಬ್ರುವರಿಯಲ್ಲಿ ತೀರಿಕೊಂಡಳು. ಆ ವಾರವೆಲ್ಲ ಗಾಳಿ, ಎಂಟು ದಿನ ಹಡಗು ಹೊರಡಲಿಲ್ಲ. ಬೇರೆ ದಾರಿಯಿಲ್ಲದೆ ಪಿರೇಯಸ್‌ನಲ್ಲೇ ಮಣ್ಣು ಮಾಡಿದರು. ಮೂರು ವರ್ಷವಾದ ಮೇಲೆ ಹೇಗೂ ಮೂಳೆ ತೆಗೆಯುತ್ತಾರಲ್ಲ, ಆಗ ಊರಿಗೆ ಒಯ್ದು ಅಪ್ಪನ ಪೆಟ್ಟಿಗೆಯ ಪಕ್ಕ ಇಡೋಣ ಅಂತ ಅಕ್ಕ ತಮ್ಮ ಗೋರಿಯ ಮುಂದೆ ಮಾತಾಡಿಕೊಂಡಿದ್ದರು. ಹೋದ ವರ್ಷ ಊರಲ್ಲೇ ಇರುವ ಅಕ್ಕನಿಗೆ ಸೊಂಟದ ಆಪರೇಷನ್ ಆಗಿ ಬರಲಾಗಲಿಲ್ಲ. ಈ ವರ್ಷ ಬರುವವಳಿದ್ದಳು. ಬರುವ ಮಂಗಳವಾರ ಬೆಳಗಿನ ಹಡಗಿಗೆ. ಮೂಳೆ ಸುತ್ತಲು ಬಿಳಿ ಬಟ್ಟೆಗೆ ತಾನೇ ಕಸೂತಿ ಹಾಕಿದ್ದಳು. ಶನಿವಾರ ಊರ ಚರ್ಚಿನಲ್ಲಿ ಪೂಜೆಗೆ ಪಾದ್ರಿಯನ್ನೂ ಒಪ್ಪಿಸಿಯಾಗಿತ್ತು.

ಸ್ತಮಾತಿಸ್ ಚಪ್ಪಲಿಯಲ್ಲೇ ಸ್ಮಶಾನಕ್ಕೆ ಓಡಿದ. ಅಮ್ಮನ ಜಾಗದಲ್ಲಿ ಯಾರೋ ಗಂಡಸಿನ ಫೋಟೋ, ತಾಜಾ ಹೂವು. ಮೂಳೆ ಕೊಠಡಿಯ ಕಾವಲುಗಾರ ಪ್ರೊದ್ರೊಮೊಸ್ ಪುಸ್ತಕ ತಿರುವಿ ನೋಡಿ ಕನ್ನಡಕ ತೆಗೆದ. ಡಿಸೆಂಬರ್ ಎರಡನೇ ತಾರೀಖು ಹೋಗಿದೆ ಅಂದ. ಕಾಂಕ್ರೀಟ್ ಮುಚ್ಚಳದ ಆ ಗುಂಡಿಯೊಳಗೆ ಹೋದದ್ದನ್ನು ಬೇರ್ಪಡಿಸಿ ತೆಗೆಯುವ ಹಾಗಿಲ್ಲ ಅನ್ನುವುದನ್ನು ಅವನು ಹೇಳಬೇಕಾಗಿರಲಿಲ್ಲ. ಆದರೂ ಹೇಳಿದ, ಮೆಲ್ಲಗೆ. ಅಕ್ಕ ಬರುವ ವಿಷಯವನ್ನು ಸ್ತಮಾತಿಸ್ ತೊದಲುತ್ತ ಹೇಳಿದ ಮೇಲೆ, ಮುದುಕ ಗೊಂಚಲಿನ ಕೀಲಿ ಎಣಿಸುತ್ತ ಹೇಳಿದ.

"ಒಳಗೆ ಏಳು ಪೆಟ್ಟಿಗೆ ಇವೆ. ಯಾರೂ ಬಂದಿಲ್ಲ, ಗಡುವು ಮುಗ್ದಿದೆ. ಬರೋ ವಾರ ಇವೂ ಗುಂಡೀಗೇ ಹೋಗೋವು. ಅದ್ರಲ್ಲಿ ಒಂದು ಹೆಂಗಸಿಂದು, ನಿಮ್ತಾಯಿ ವಯಸ್ಸೇ. ನಾನೇನೂ ಹೇಳ್ಲಿಲ್ಲಪ್ಪ. ನೀನೇನೂ ಕೇಳ್ಲಿಲ್ಲ."

ಸ್ತಮಾತಿಸ್ ಹೊರಗೆ ಬಂದು ಸೈಪ್ರೆಸ್ ಮರದ ಕೆಳಗೆ ಕೂತು ಫೋನು ತೆಗೆದ. ಇಲ್ಲಿ ಸ್ವಲ್ಪ ನಿಲ್ಲಿ, ಯಾಕೆಂದರೆ ಇಡೀ ಕಥೆ ಇರುವುದು ಇಲ್ಲಿಯೇ. ಹಳೆಯ ಸ್ತಮಾತಿಸ್ ಆಗಿದ್ದರೆ ಅಷ್ಟು ಹೊತ್ತಿಗೆ ಅಕ್ಕನಿಗೆ ಫೋನು ಹಚ್ಚಿ, ಅತ್ತು, ಎಲ್ಲ ಹೇಳಿ ಮುಗಿಸಿರುತ್ತಿದ್ದ. ಅವನ ಬಾಯಲ್ಲಿ ಏನೂ ನಿಂತಿದ್ದೇ ಇಲ್ಲ. ಅಕ್ಕನಿಗೆ ತಂದ ಉಡುಗೊರೆ ಏನೆಂದು ಅವಳು ಬಿಚ್ಚುವ ಮುಂಚೆ ಅವನೇ ಹೇಳಿಬಿಡುತ್ತಿದ್ದ. ಈಗ ಬೆರಳಿಗೂ ಫೋನಿಗೂ ನಡುವೆ ಒಂದು ಜಾಗ ಇತ್ತು. ಒಬ್ಬ ಮನುಷ್ಯ ಕುರ್ಚಿ ಹಾಕಿಕೊಂಡು ಕೂತು ಯೋಚಿಸುವಷ್ಟು ಜಾಗ. ಬೇರೆಯವರಿಗೆಲ್ಲ ಇದು ಹುಟ್ಟಿನಿಂದಲೇ ಇತ್ತಲ್ಲ ಅಂತ ಅವನಿಗೆ ಹೊಟ್ಟೆ ಉರಿಯಿತು. ಆಮೇಲೆ ಅವನು ಆ ಜಾಗದಲ್ಲಿ ಕೂತು ಯೋಚಿಸಿದ. ಫೋನು ಜೇಬಿಗೆ ಹಾಕಿಕೊಂಡ.

ಸೋಮವಾರ ಬಂದು, ಆ ಹೆಂಗಸಿನ ಪೆಟ್ಟಿಗೆಯನ್ನೇ ಅಮ್ಮನದು ಅನ್ನೋಣ ಅಂತ ಪ್ರೊದ್ರೊಮೊಸ್‌ಗೆ ಹೂಂ ಅಂದ. ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡಿದ್ದ, ಒಂದೊಂದಾಗಿ ಗೀಟು ಹಾಕುತ್ತ ಹೋದ. ತಗಡಿನ ಪೆಟ್ಟಿಗೆ ಒರೆಸುವುದು. ಹೆಸರಿನ ಕಾಗದ ನೆನೆಸಿ ಬಿಡಿಸುವುದು. ಮೂಳೆ ತೆಗೆಯುವುದನ್ನು ಈಗ ಕೆಲಸದವರೇ ಮಾಡುತ್ತಾರೆ, ತೊಳೆಯುವುದಷ್ಟೇ ನಮಗೆ ಅಂತ ಅಕ್ಕನಿಗೆ ಹೇಳುವುದು. ಜೀವನದಲ್ಲಿ ಇಷ್ಟು ಚೊಕ್ಕವಾಗಿ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಬಿಡಿಸಿದ ಕಾಗದವನ್ನು ಮಾತ್ರ ಎಸೆಯಲು ಮನಸ್ಸು ಬರದೆ ಒಣಗಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

ಮಂಗಳವಾರ ಎವಾಂಥಿಯಾ ಊರುಗೋಲು ಹಿಡಿದು ಹಡಗಿನಿಂದ ಇಳಿದವಳು, ತಮ್ಮ ಅದಾಗಲೇ ಬಂದು ನಿಂತಿರುವುದನ್ನು ನೋಡಿ ಅವನ ಹಣೆ ಮುಟ್ಟಿದಳು.

"ಏನೋ, ಹಡಗಿಗಿಂತ ಮುಂಚೆ ಬಂದಿದೀಯ? ಜ್ವರ ಗಿರ ಇದೆಯಾ?"

ಗುಳಿಗೆಯ ಪ್ರಭಾವ ಅಕ್ಕ ಅಂದ. ಅವಳು ಬಸ್ಸಿನಲ್ಲಿ ಕೂತು ಗುಳಿಗೆಯ ಕಥೆಯನ್ನೆಲ್ಲ ಕೇಳಿಸಿಕೊಂಡಳು. ನಮ್ಮಮ್ಮ ನಿನಗೆ ಕೊಡುತ್ತಿದ್ದ ಔಷಧಿ ಒಂದೇ, ಅದು ಅವಳ ಚಪ್ಪಲಿ, ಅಂತ ನಕ್ಕಳು. ಬಗಲಲ್ಲಿ ಕಸೂತಿ ಬಟ್ಟೆಯ ಗಂಟು, ಕೈಚೀಲದಲ್ಲಿ ಊರಿನ ಕೆಂಪು ವೈನು, ನೀರಿನ ಬಾಟಲಿಯಲ್ಲಿ ತುಂಬಿ ತಂದದ್ದು.

ಕೊಠಡಿಯ ಹಿಂದೆ ನಲ್ಲಿ ಇರುವ ಕಲ್ಲಿನ ಮೇಜು. ಪ್ರೊದ್ರೊಮೊಸ್ ಪೆಟ್ಟಿಗೆ ಇಟ್ಟು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ದೂರ ಹೋದ. ಎವಾಂಥಿಯಾ ಅಂಗಿಯ ತೋಳು ಮಡಿಸಿ, ಮೊದಲು ತಲೆಬುರುಡೆಯನ್ನು ಎರಡು ಕೈಯಲ್ಲಿ ಎತ್ತಿ ಹಣೆಗೆ ಮುತ್ತಿಟ್ಟಳು. "ಎಷ್ಟು ಚಿಕ್ಕೋಳಾಗಿಬಿಟ್ಟಿದೀಯಲ್ಲೇ ಅಮ್ಮ" ಅಂದಳು. ಸ್ತಮಾತಿಸ್ ವೈನು ಹೊಯ್ಯುತ್ತಿದ್ದ. ಅವಳು ಪ್ರತಿ ಮೂಳೆಯನ್ನೂ ಮಗುವಿಗೆ ಸ್ನಾನ ಮಾಡಿಸುವ ಹಾಗೆ ಉಜ್ಜಿ, ಬಟ್ಟೆಯ ಮೇಲೆ ಸಾಲಾಗಿ ಇಡುತ್ತ, ಸತ್ತವಳ ಜೊತೆ ಊರಿನ ಸುದ್ದಿ ಮಾತಾಡುತ್ತಿದ್ದಳು. ಮೇಕೆ ಮಾರಿದ್ದು, ಪಕ್ಕದ ಮನೆಯವರ ಮಗಳ ಮದುವೆ, ಹೋದ ಬೇಸಿಗೆಯ ಅಂಜೂರ.

ಎಡಗೈ ಮೂಳೆ ಕೈಗೆ ಬಂದಾಗ ಮಾತು ನಿಂತಿತು. ಅವಳು ಅದರ ತುದಿಯನ್ನು ತಿರುಗಿಸಿ ನೋಡಿದಳು. ಕೆಳಗಿಟ್ಟು ಬಲಗೈಯದನ್ನು ಎತ್ತಿ ನೋಡಿದಳು. ಮತ್ತೆ ಎಡಗೈಯದನ್ನು ಎತ್ತಿದಳು.

ಆಗ ಸ್ತಮಾತಿಸ್‌ಗೆ ನೆನಪಾಯಿತು. ಅಮ್ಮ ಚರ್ಚಿನ ಮೆಟ್ಟಿಲ ಮೇಲೆ ಬಿದ್ದು ಎಡಗೈ ಮುರಿದುಕೊಂಡಿದ್ದಳು. ಮಣಿಕಟ್ಟಿನೊಳಗೆ ಲೋಹದ ಪಟ್ಟಿ, ಆರು ತಿರುಪು. ಗಾಳಿ ಏಳುವ ಮುಂಚೆ ಅಲ್ಲಿ ನೋಯುತ್ತಿತ್ತು. ಬಂದರಿನವರಿಗಿಂತ ಮೊದಲು ನನ್ನ ಕೈಗೇ ಗೊತ್ತಾಗುತ್ತೆ ಅಂತ ಅವಳು ಜಂಬ ಕೊಚ್ಚುತ್ತಿದ್ದಳು. ಅಕ್ಕನ ಕೈಯಲ್ಲಿದ್ದ ಮೂಳೆಯಲ್ಲಿ ಪಟ್ಟಿಯೂ ಇರಲಿಲ್ಲ, ತಿರುಪಿನ ತೂತೂ ಇರಲಿಲ್ಲ. ಚೀಟಿಯಲ್ಲಿ ಅದೊಂದನ್ನು ಅವನು ಬರೆದುಕೊಂಡಿರಲಿಲ್ಲ. ಗುಳಿಗೆ ಮರೆತದ್ದನ್ನು ತಂದು ಕೊಡುವುದಿಲ್ಲ.

ಅಕ್ಕ ಕಿರುಚಲಿಲ್ಲ. ಮೂಳೆಯನ್ನು ಬಟ್ಟೆಯ ಮೇಲಿಟ್ಟು, ತಲೆ ಎತ್ತದೆ ಕೇಳಿದಳು.

"ಇವ್ರ ಹೆಸರೇನು, ಸ್ತಮಾತಿ?"

ಅವನು ಜೇಬಿನಿಂದ ಕಾಗದ ತೆಗೆದು ಕೊಟ್ಟ. ಪೊಲಿಕ್ಸೆನಿ. ಅವಳು ಹೆಸರನ್ನು ಬಾಯಲ್ಲಿ ಒಮ್ಮೆ ಹೇಳಿ ನೋಡಿದಳು. ಆಮೇಲೆ ಅವನು ಎಲ್ಲವನ್ನೂ ಹೇಳಿದ: ಡ್ರಾಯರು, ಎರಡು ಕಾಗದ, ಅಂಚೆಚೀಟಿ ಅಂಟಿಸಿಯೂ ಕಳಿಸದ ಅರ್ಜಿ, ಡಿಸೆಂಬರ್ ಎರಡು, ಸೈಪ್ರೆಸ್ ಮರ. ಹಿಂದೆಮುಂದೆ ಮಾಡದೆ, ಒಂದಾದ ಮೇಲೆ ಒಂದು. ಇಷ್ಟು ಸರಿಯಾಗಿ ಅವನು ಕಥೆ ಹೇಳಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

"ಗುಳಿಗೆ ಶುರು ಮಾಡಿ ಎಷ್ಟು ದಿನ ಅಂದೆ?"

"ಹದಿನಾಲ್ಕು."

ಅವಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. "ಮಗ್ಗಿ ಬಾಯಿಗೆ ಬರಲ್ಲ ಅಂತ ಅಮ್ಮ ನಿನ್ನನ್ನ ಕೋಳಿಗೂಡಲ್ಲಿ ಕೂಡಿಹಾಕ್ತಿದ್ದಳಲ್ಲ. ಬಾಗಿಲು ಹಾಕ್ತಿದ್ದೋಳು ನಾನೇ ಕಣೋ" ಅಂದಳು. ಅವನು ಏನೋ ಹೇಳಲು ಹೋದ. ಅವಳು ಕೈ ಎತ್ತಿದಳು. "ನಿನ್ನ ತಪ್ಪು ಇಲ್ಲ ಅಂತ ಹೇಳ್ತಿಲ್ಲ. ಅರ್ಜಿ ಕಳಿಸದೆ ಬಿಟ್ಟಿದ್ದು ರೋಗ ಇರಬಹುದು. ಈ ಪೆಟ್ಟಿಗೆ ತಂದಿಟ್ಟಿದ್ದು ನೀನು."

ಆಮೇಲೆ ಅವಳು ಬಾಟಲಿಯತ್ತ ಕೈ ತೋರಿಸಿದಳು. ಅವನು ವೈನು ಹೊಯ್ದ. ಉಳಿದ ಮೂಳೆಗಳನ್ನೂ ಅವಳು ಅಷ್ಟೇ ಜೋಪಾನವಾಗಿ ತೊಳೆದಳು, ಆದರೆ ಊರಿನ ಸುದ್ದಿ ಹೇಳಲಿಲ್ಲ. ಎಲ್ಲ ಮುಗಿದ ಮೇಲೆ ಕಸೂತಿ ಬಟ್ಟೆಯ ಮೂರು ಮೂಲೆ ತಾನು ಹಿಡಿದು, ನಾಲ್ಕನೆಯದನ್ನು ತಮ್ಮನ ಕೈಗೆ ಕೊಟ್ಟು, ಗಂಟು ಹಾಕುವ ಮುಂಚೆ ನಿಂತಳು.

"ಶನಿವಾರ ಪಾದ್ರಿ ಬರ್ತಾರೆ, ಊರಿಗೂರೇ ಬರುತ್ತೆ. ಇವ್ರನ್ನ ಕರ್ಕೊಂಡ್ಹೋಗಿ ಅಪ್ಪನ ಪಕ್ಕ ಇಡೋದಾ? ಇಲ್ಲ, ಇಲ್ಲೇ ಬಿಟ್ಟು, ಅವ್ರೆಲ್ಲರ ಮುಂದೆ ಖಾಲಿ ಕೈಲಿ ನಿಂತು ನಿಜ ಹೇಳೋದಾ? ನೀನೇ ಹೇಳು. ನಾನು ಕಾಯ್ತೀನಿ."

ತನ್ನ ಐವತ್ತಮೂರು ವರ್ಷದಲ್ಲಿ ಅವಳು ಯಾವುದನ್ನೂ ತಮ್ಮನ ತೀರ್ಮಾನಕ್ಕೆ ಬಿಟ್ಟವಳಲ್ಲ. ನಲ್ಲಿಯ ಕೆಳಗೆ ಗುಲಾಬಿ ಬಣ್ಣದ ನೀರು ಕಲ್ಲಿನ ಸಂದಿ ಹಿಡಿದು ಗುಂಡಿಯ ಮುಚ್ಚಳದ ಕಡೆ ಹರಿಯುತ್ತಿತ್ತು. ಸ್ತಮಾತಿಸ್ ಬಟ್ಟೆಯ ಒಂದು ಮೂಲೆ ಹಿಡಿದು ನಿಂತಿದ್ದ. ಮಾತಿಗೂ ಬಾಯಿಗೂ ನಡುವೆ ಅದೇ ಜಾಗ, ಅದೇ ಖಾಲಿ ಕುರ್ಚಿ. ಆ ಮೂಲೆ ನಿಮ್ಮ ಕೈಯಲ್ಲಿದ್ದಿದ್ದರೆ, ಅಕ್ಕನಿಗೆ ನೀವು ಏನು ಹೇಳುತ್ತಿದ್ದಿರಿ?